ಅಜ್ಜಿ ಮೇಲೆ ಬಂದಾಗ ಮಾತಾಡುವುದಿಲ್ಲ

“ಇನ್ನೊಂದು ಸಲ ಹಾಕಿ,” ಎಂದ ಕೊಕ್ಕೆ.

“ವಿಷಯ ಏನಪ್ಪಾ ಅಂದ್ರೆ,” ಎಂದರು ಬಂದರು ಅಧಿಕಾರಿ, “ಕೇಳಿದ್ದನ್ನೇ ಎಷ್ಟು ಸಲ ಕೇಳೋದು ಸ್ವಾಮಿ? ಕ್ಯಾಸೆಟ್ಟೂ ಸವೆಯುತ್ತೆ, ನನ್ನ ಕಿವೀನೂ ಸವೆಯುತ್ತೆ.”

ಗೊಣಗುತ್ತಲೇ ಗುಂಡಿ ಒತ್ತಿದರು.

ಮೊದಲು ಗಾಳಿ. ಆಮೇಲೆ ಆ ದನಿ. ಮೂಗಿನಲ್ಲಿ ಹುಟ್ಟಿ, ಗಂಟಲಲ್ಲಿ ಬೆಳೆದು, ಮೀಸೆಯಲ್ಲಿ ಸೋಸಿಕೊಂಡು ಹೊರಗೆ ಬರುವ ಮೇಷ್ಟ್ರ ದನಿ.

“ಬಂದ್ಲು ನೋಡ್ರಪ್ಪಾ ನಮ್ಮಜ್ಜಿ! ದೋಣಿ ಪಕ್ಕಕ್ಕೇ ಬಂದ್ಲು! ಕೈ ಚಾಚಿದ್ರೆ ಸಿಗ್ತಾಳೆ... ಶ್! ಮಾತಾಡ್ತಿದಾಳೆ, ಕೇಳಿ!”

ಟಿರ್‌ರ್‌ರ್. ನಡುವೆ ಬಿಕ್ಕಳಿಕೆಯಂಥ ಒಂದು ಸಣ್ಣ ಖಾಲಿ. ಮತ್ತೆ ಟಿರ್‌ರ್‌ರ್.

“ಅಯ್ಯಯ್ಯೋ!”

ಧಬಾರ್! ನೀರಿನ ಸದ್ದು. ಅಲ್ಲಿಂದ ಮುಂದೆ ಖಾಲಿ ಟೇಪಿನ ಸುಸ್ಸೆನ್ನುವ ಮೌನ. ಅಧಿಕಾರಿ ನಿಲ್ಲಿಸಿದರು. ಬಾಗಿಲ ಬಳಿ ನಿಂತಿದ್ದ ಮೇಷ್ಟ್ರ ಮಗಳು ಚುಕ್ಕಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ಅವಳ ಗಂಡ ಕಿಟಕಿಯಿಂದಾಚೆ ಸಮುದ್ರವನ್ನು ನೋಡುತ್ತಲೇ ಇದ್ದ.

ಮೊನ್ನೆ ಬೆಳಿಗ್ಗೆ ದ್ವೀಪದ ದಕ್ಷಿಣಕ್ಕೆ ಮೇಷ್ಟ್ರ ಪುಟ್ಟ ದೋಣಿ ಖಾಲಿ ತೇಲುತ್ತ ಸಿಕ್ಕಿತ್ತು. ಅದರೊಳಗೆ, ಮುಚ್ಚಳ ತೆರೆದಿದ್ದ ನೀರು ಹೊಗದ ಡಬ್ಬಿಯಲ್ಲಿ, ಅವರ ಹಳೇ ಟೇಪ್ ರೆಕಾರ್ಡರು. ಹಾಗಾಗಿ ಹುಡುಕುವ ದೋಣಿಗಳೆಲ್ಲ ದಕ್ಷಿಣದಲ್ಲೇ ಗಿರಕಿ ಹೊಡೆಯುತ್ತಿದ್ದವು.

“ಸೂರ್ಯ ಮುಳುಗಿದ ಮೇಲೆ ದೋಣಿ ವಾಪಸ್ಸು,” ಎಂದರು ಅಧಿಕಾರಿ. “‘ನೀರುಪಾಲು’ ಅಂತ ಬರೆದು ನಾನೊಂದು ಸಹಿ ಹಾಕ್ತೀನಿ. ಬೇಜಾರು ಮಾಡ್ಕೋಬೇಡಿ.”

“ಆ ಸಹಿ ಈ ಮನೆಗೆ ಬಲು ಕಹಿ ಸಾರ್. ಮುಳುಗೋವರೆಗೂ ಟೈಮ್ ಕೊಡಿ.”

“ಯಾರು ಮುಳುಗೋವರೆಗೂ?”

“ಸೂರ್ಯ ಸಾರ್, ಸೂರ್ಯ!”

ನಗೆ ಯಾರಿಗೂ ಬರಲಿಲ್ಲ. ಕೊಕ್ಕೆಗೂ ಬರಲಿಲ್ಲ. ದುಃಖ ಗಂಟಲಿಗೆ ಬಂದಾಗಲೆಲ್ಲ ಅವನ ನಾಲಗೆ ತಾನಾಗಿ ಶ್ಲೇಷೆ ಆಡುತ್ತದೆ. ಅದೂ ಮೇಷ್ಟ್ರಿಂದಲೇ ಹತ್ತಿದ ಚಟ.

ಎಷ್ಟು ವರ್ಷವಾದವು ಈ ಕೋಣೆಗೆ ಕಾಲಿಟ್ಟು! ಅದೇ ಉಪ್ಪು ತಿಂದ ಕಿಟಕಿ, ಅದೇ ದುರ್ಬೀನು, ಮೇಷ್ಟ್ರು ಕೂತು ಕೂತು ಕುಳಿ ಬಿದ್ದ ಅದೇ ಕುರ್ಚಿ. ಬೇರೆಯವರ ಮನೆಯ ಗೋಡೆಗಳಲ್ಲಿ ಮೊಮ್ಮಕ್ಕಳ ಫೋಟೋ ಇದ್ದರೆ ಇಲ್ಲಿ ತಿಮಿಂಗಿಲಗಳ ಬೆನ್ನುರೆಕ್ಕೆಗಳ ಫೋಟೋ. ನಡುವೆ ಚೌಕಟ್ಟು ಹಾಕಿಸಿಕೊಂಡವಳು ಅಜ್ಜಿ: ರೆಕ್ಕೆಯ ಬುಡದಲ್ಲಿ ಬಿದಿಗೆಯ ಚಂದ್ರನಂಥ ಗಾಯದ ಕಲೆ ಇರುವ ಮುದಿ ಹೆಣ್ಣು.

ಅಜ್ಜಿ ಕೊಕ್ಕಿನ ತಿಮಿಂಗಿಲ. ಹಕ್ಕಿಯ ಕೊಕ್ಕಿನಂಥ ಮೂತಿ. ಗಂಡಿಗೆ ಮಾತ್ರ ಕೆಳದವಡೆಯಲ್ಲಿ ಎರಡು ಹಲ್ಲು ಮೇಲೆದ್ದು ಕಾಣುತ್ತವೆ, ಹೆಣ್ಣು ಬೊಚ್ಚುಬಾಯಿ. ಜನ್ಮವಿಡೀ ಹಡಗಿನಲ್ಲಿ ಅಲೆದವರಿಗೂ ಒಮ್ಮೆ ಕಣ್ಣಿಗೆ ಬಿದ್ದರೆ ಹೆಚ್ಚು. ಆದರೆ ಈ ದ್ವೀಪ ನಡುಗಡಲಿನಿಂದ ನೆಟ್ಟಗೆ ಎದ್ದು ನಿಂತ ಬೆಟ್ಟದ ತುದಿ. ದಡ ಬಿಟ್ಟು ನಾಲ್ಕು ಹುಟ್ಟು ಹಾಕಿದರೆ ತಳ ತಪ್ಪುತ್ತದೆ. ಆಳವನ್ನೇ ನೆಚ್ಚಿದ ಆ ಪ್ರಾಣಿ ಮನೆಬಾಗಿಲಿಗೇ ಬರುತ್ತದೆ. ಮೇಷ್ಟ್ರು ಅದಕ್ಕೇ ಇಲ್ಲಿ ಗುಡಾರ ಹಾಕಿದವರು, ಆಮೇಲೆ ಗೋಡೆ ಕಟ್ಟಿದರು, ಆಮೇಲೆ ಸಂಸಾರ ಹೂಡಿದರು.

ಕೊಕ್ಕೆ ಅವರ ಹಳೇ ಶಿಷ್ಯ. “ಈ ಪ್ರಾಣಿ ಮೀನನ್ನ ಕಚ್ಚೋದಿಲ್ಲ, ಹೀರ್ಕೊಳ್ಳುತ್ತೆ,” ಎಂದು ಮೇಷ್ಟ್ರು ಮೊದಲ ದಿನ ಹೇಳಿದಾಗ ಎದ್ದು ನಿಂತು, “ಹಾಗಾದ್ರೆ ಕೊಕ್ಕು ಯಾಕೆ ಸಾರ್?” ಎಂದಿದ್ದ.

“ಅದಕ್ಕೆ ಕೊಕ್ಕು ಕೊಟ್ಟ ದೇವರು ನಿನಗೆ ಕೊಕ್ಕೆ ಕೊಟ್ಟಿದಾನಪ್ಪಾ. ಕೂತ್ಕೋ.”

ಅವತ್ತಿಗೆ ಅಪ್ಪ ಅಮ್ಮ ಇಟ್ಟ ಹೆಸರು ಸತ್ತುಹೋಯಿತು.

ಈಗ ಅವನು ದೂರದ ಪಟ್ಟಣದಲ್ಲಿ ಪತ್ತೇದಾರ. ಕೆಲಸವೇನೂ ಬದಲಾಗಿಲ್ಲ. ಉಸಿರು ಕಟ್ಟಿ ಮುಳುಗಿರುವವರು ಎಲ್ಲಿ ಏಳುತ್ತಾರೆ ಎಂದು ಕಾಯುವುದು ಆಗಲೂ ಇತ್ತು, ಈಗಲೂ ಇದೆ. ಮೊನ್ನೆ ಚುಕ್ಕಿ ಫೋನು ಮಾಡಿ, “ಅಪ್ಪ ಸಿಗ್ತಿಲ್ಲ ಕಣೋ, ಬಾ,” ಎಂದಾಗ ಹಾಕಿದ ಅಂಗಿಯಲ್ಲೇ ಹೊರಟುಬಂದಿದ್ದ.

ಟೇಪನ್ನು ಮೊದಲ ಸಲ ಕೇಳಿದಾಗ ಅಳು ಬಂದಿತ್ತು. ಎರಡನೆಯ ಸಲ ಸಂತೋಷವಾಗಿತ್ತು: ಮೇಷ್ಟ್ರ ದನಿಗೆ ವಯಸ್ಸೇ ಆಗಿಲ್ಲವಲ್ಲ, ನನ್ನ ನೆನಪಿನಲ್ಲಿ ಹೇಗಿತ್ತೋ ಹಾಗೇ ಇದೆಯಲ್ಲ! ಈಗ ಕೇಳಿದಾಗ ಮಾತ್ರ ಒಂದು ಮಾತು ಕಿವಿಯಲ್ಲೇ ಸಿಕ್ಕಿಕೊಂಡಿತು.

ಅಜ್ಜಿ ದೋಣಿ ಪಕ್ಕಕ್ಕೆ ಬಂದಳಂತೆ. ಬಂದು ಮಾತಾಡಿದಳಂತೆ.

“ಮೇಲೆ ಮೌನ, ಕೆಳಗೆ ಮಾತು!” ಮೇಷ್ಟ್ರು ಬೋರ್ಡು ಕುಟ್ಟಿ ಹೇಳುತ್ತಿದ್ದ ಮೊದಲ ಪಾಠವೇ ಅದು. ಕೊಕ್ಕಿನ ತಿಮಿಂಗಿಲ ಟಿಕಟಿಕ ಎಂದು ಸದ್ದು ಮಾಡಿ ಬೇಟೆ ಹುಡುಕುವುದು ಕತ್ತಲೆಯ ಆಳದಲ್ಲಿ. ಮೇಲಕ್ಕೆ ಏಳತೊಡಗಿದ್ದೇ ತಡ, ಬಾಯಿಗೆ ಬೀಗ. “ಯಾಕೆ ಹೇಳ್ರಪ್ಪಾ? ಮೇಲೆ ಕಪ್ಪು ಬಿಳುಪಿನ ಕೊಲೆಗಡುಕ ತಿಮಿಂಗಿಲಗಳು ಕಿವಿಗೊಟ್ಟು ಕಾಯ್ತಿರ್ತವೆ. ಬಾಯಿ ಬಿಟ್ಟೋರು ಬಲಿ! ಅತ್ತೆ ಮನೆಗೆ ಬಂದ ಹೊಸ ಸೊಸೆ ಇದ್ದ ಹಾಗೆ. ಅಡುಗೆಮನೇಲಿ ಏನು ಬೇಕಾದ್ರೂ ಅನ್ಲಿ, ಪಡಸಾಲೇಲಿ ಮಾತ್ರ ಪಿಟಕ್ ಅನ್ನೋ ಹಾಗಿಲ್ಲ.”

ಆ ಪಾಠ ಹೇಳಿಕೊಟ್ಟವರೇ ಮೇಲೆ ಬಂದ ಅಜ್ಜಿ ಮಾತಾಡಿದಳು ಎನ್ನುತ್ತಾರೆಯೇ? ಟೇಪು ಸುಳ್ಳು. ಸುಳ್ಳಾದರೆ ಮೇಷ್ಟ್ರು ದಕ್ಷಿಣದಲ್ಲಿ ಬಿದ್ದಿಲ್ಲ. ಎಲ್ಲಾದರೂ ಬೇರೆ ಕಡೆ ಬದುಕಿರಲೂಬಹುದು. ಹುಡುಕುವವರು ಮಾತ್ರ ಇಲ್ಲದ ಕಡೆ ಹುಡುಕಿ, ಸಂಜೆಗೆ ಕೈತೊಳೆದುಕೊಳ್ಳುತ್ತಾರೆ.

ಆದರೆ ಟೇಪು ಇಟ್ಟವರು ಯಾರೆಂದು ತಿಳಿಯುವ ತನಕ ಬಾಯಿ ಬಿಡುವಂತಿಲ್ಲ. ಅವನು ಎದ್ದು ಹಿಂದಿನ ಪಡಸಾಲೆಗೆ ಹೋದ.

ಚುಕ್ಕಿ ಬಚ್ಚಲ ಪಕ್ಕದ ಕನ್ನಡಿಯ ಮುಂದೆ ತಲೆಗೂ ಮುಖಕ್ಕೂ ನೀರು ಸುರಿದುಕೊಂಡು ನಿಂತಿದ್ದಳು. ಅದೂ ಹಳೇ ಕನ್ನಡಿಯೇ. ಚೌಕಟ್ಟಿಗೆ ಸಿಕ್ಕಿಸಿದ ಹಸಿರು ಬಾಚಣಿಗೆಯನ್ನು ನೋಡಿ ಕೊಕ್ಕೆಗೆ ನಗು ಬಂತು.

“ಇದನ್ನ ಇನ್ನೂ ಎಸೆದಿಲ್ವೇನೇ? ಆಗಲೇ ಒಂದು ಹಲ್ಲು ಉದುರಿತ್ತು.”

“ಹಲ್ಲುದುರಿದೋರನ್ನೆಲ್ಲ ಎಸೆಯೋಕಾಗುತ್ತಾ? ಅಪ್ಪಂಗೆ ಎಷ್ಟು ಉದುರಿವೆ ಗೊತ್ತಾ ಈಗ!” ಎಂದಳು. ಎಂದವಳು ‘ಈಗ’ ಎಂಬ ಮಾತಿಗೆ ತಾನೇ ಬೆಚ್ಚಿ, ಕೂದಲಿನ ನೀರು ಹಿಂಡತೊಡಗಿದಳು.

“ನೆನಪಿದೆಯೇನೋ, ಸಂಜೆಯಾದ್ರೆ ಇಲ್ಲೇ ಕೂತು ಅಪ್ಪನ್ನ ಮಾಡಿ ತೋರಿಸ್ತಿದ್ದೆ? ನಾನು ನಕ್ಕೂ ನಕ್ಕೂ ಬಿಕ್ಕಳಿಕೆ ಬಂದು ಸಾಯ್ತಿದ್ದೆ.”

“ನಿನ್ನ ಬಿಕ್ಕಳಿಕೆ ನಿಲ್ಲಿಸೋಕೆ ಅಂತ ಇನ್ನೂ ಮಾಡ್ತಿದ್ದೆ. ಅದು ಇನ್ನೂ ಜಾಸ್ತಿ ಆಗ್ತಿತ್ತು.”

ಇಬ್ಬರೂ ನಕ್ಕರು. ಆ ಕಾಲದಲ್ಲಿ ಈ ಮನೆಯ ಅಳಿಯನ ಹುದ್ದೆಗೆ ಇಬ್ಬರು ಅಭ್ಯರ್ಥಿಗಳಿದ್ದರು. ಒಬ್ಬ ಅರ್ಜಿ ಹಾಕಿದ. ಇನ್ನೊಬ್ಬ, ಅಂದರೆ ಕೊಕ್ಕೆ, ಮಿಮಿಕ್ರಿ ಮಾಡುತ್ತ ಕೂತ. ಊರ ಮಾತನ್ನೆಲ್ಲ ಆಡಿದವನಿಗೆ ತನ್ನ ಮಾತು ಆಡಲು ಬರಲಿಲ್ಲ.

“ಒಂದ್ಸಲ ಮಾಡೋ,” ಎಂದಳು ಚುಕ್ಕಿ ಮೆಲ್ಲಗೆ. “ಅಪ್ಪನ ಹಾಗೆ.”

“ಈಗ್ಯಾಕೆ ಮಾರಾಯ್ತಿ?”

“ಕೇಳ್ಬೇಕು ಅನ್ನಿಸ್ತಿದೆ.”

ಕೊಕ್ಕೆ ಗಂಟಲು ಸರಿಮಾಡಿಕೊಂಡ. ಇಲ್ಲದ ಮೀಸೆಯನ್ನು ತೀಡಿದ. “ಏನ್ರಪ್ಪಾ, ತಳ ಕಾಣದ ಸಮುದ್ರಕ್ಕೆ ಹೆದರಬೇಡ್ರಪ್ಪಾ, ತಳಮಳಕ್ಕೆ ಹೆದರ್ರಿ!”

ಮುಂಗೋಣೆಯಲ್ಲಿ ಯಾರೋ ಕುರ್ಚಿಯಿಂದ ಧಡಕ್ಕನೆ ಎದ್ದ ಸದ್ದಾಯಿತು. ಚುಕ್ಕಿಯ ಕಣ್ಣು ತುಂಬಿಕೊಂಡಿತು. ಆದರೆ ಆ ಕಣ್ಣು ಅವನ ಮುಖವನ್ನು ಬಿಟ್ಟು ಕದಲಲಿಲ್ಲ.

“ಟೇಪಲ್ಲಿರೋದು ಅಪ್ಪನ ದನಿಯೇ ಅಲ್ವೇನೋ?” ಎಂದಳು. “ನಿನಗೇನನ್ನಿಸ್ತು?”

“ಅಪ್ಪನ ದನಿ ಮಗಳಿಗೆ ಗೊತ್ತಾಗಲ್ವಾ?”

“ಗೊತ್ತಾಗುತ್ತೆ,” ಎಂದು ಅವಳು ಚಹಾಕ್ಕೆ ನೀರಿಡಲು ಹೋದಳು.

ಅಳಿಯ ಮಹಡಿಯ ಕಾವಲು ಕೋಣೆಯಲ್ಲಿ ಸಿಕ್ಕ. ಮೂರು ಕಡೆ ಕಿಟಕಿ, ಕೆಳಗೆ ಎಣ್ಣೆ ಸವರಿದಂಥ ಸಮುದ್ರ. ಇಂಥ ಅಲೆಯಿಲ್ಲದ ದಿನ ಮಾತ್ರ ಕೊಕ್ಕಿನ ತಿಮಿಂಗಿಲದ ಬೆನ್ನು ಕಣ್ಣಿಗೆ ಬೀಳುವುದು. ಒಂದು ಕಾಲಕ್ಕೆ ಇಬ್ಬರೂ ಇಲ್ಲೇ ಭುಜಕ್ಕೆ ಭುಜ ತಾಗಿಸಿ ಕೂತು, ಒಂದೇ ದುರ್ಬೀನಿಗಾಗಿ ಕಿತ್ತಾಡುತ್ತಿದ್ದರು. ಅಭ್ಯಾಸಬಲದಿಂದ ಕೊಕ್ಕೆ ತನ್ನ ಹಳೇ ಜಾಗದಲ್ಲೇ ಕೂತ. ಅಳಿಯನೂ ಅಭ್ಯಾಸಬಲದಿಂದಲೇ ಸ್ವಲ್ಪ ಸರಿದ.

“ಟೂರಿಸ್ಟ್ ದೋಣಿಗಳು ಯಾವಾಗ ಬರ್ತವೆ?” ಎಂದ ಕೊಕ್ಕೆ.

“ಚುಕ್ಕಿ ಹೇಳಿದ್ಲಾ?”

“ಗೋಡೆ ಹೇಳ್ತು. ನೀನು ಮೇಷ್ಟ್ರ ಜೊತೆ ಕೂಗಾಡಿದ್ದು ಬಂದರಿಗೇ ಕೇಳಿಸಿದೆಯಂತೆ. ಅಜ್ಜಿ ಮರಿ ಕರ್ಕೊಂಡು ಬರೋ ಜಾಗ ತೋರಿಸಿ ಅಂದೆ. ಅವರು ಸತ್ರೂ ಹೇಳಲ್ಲ ಅಂದ್ರು.”

“ಹೌದು, ಜಗಳ ಆಡ್ದೆ. ಈ ಮನೆ ಸೋರುತ್ತೆ, ದೋಣಿ ಸೋರುತ್ತೆ, ಅಜ್ಜಿಯನ್ನ ನಾಲ್ಕು ಜನಕ್ಕೆ ತೋರಿಸಿದ್ರೆ ಅಜ್ಜಿಗೂ ಉಳಿಗಾಲ, ನಮಗೂ ಉಳಿಗಾಲ ಅಂದೆ, ಚುಕ್ಕಿ ಹೇಳಿಕೊಟ್ಟ ಹಾಗೇ. ಅದಕ್ಕೆ ಮಾವನ್ನ ನೀರಿಗೆ ತಳ್ಳಿಬಿಟ್ಟೆ ಅಂತೀಯಾ?”

“ತಳ್ಳಿದೆ ಅಂತ ನಾನೆಲ್ಲಿ ಅಂದೆ? ಒಂದೇ ಪ್ರಶ್ನೆ. ಅಜ್ಜಿ ಮೇಲೆ ಬಂದಾಗ ಮಾತಾಡ್ತಾಳಾ?”

ಅಳಿಯ ದುರ್ಬೀನು ಎತ್ತಿ ಕಣ್ಣಿಗಿಟ್ಟುಕೊಂಡ.

“ಬಂದರು ಅಧಿಕಾರಿಗೆ ಗೊತ್ತಿಲ್ಲ, ಪಾಪ. ಅವರಿಗೆ ತಿಮಿಂಗಿಲಾನೂ ಒಂದೇ, ತಿಂಗಳ ಸಂಬಳಾನೂ ಒಂದೇ, ದೂರದಿಂದ ಕಂಡ್ರೆ ಸಾಕು. ಆದ್ರೆ ನೀನು? ಇಷ್ಟು ವರ್ಷ ಅದರ ಸದ್ದನ್ನೇ ತಿಂದು ಸದ್ದನ್ನೇ ಕುಡಿದಿದೀಯ. ಅದರ ಸದ್ದು ಬರಿ ಕಿವಿಗೆ ಕೇಳಿಸೋದೇ ಕಷ್ಟ ಅಂತ ನನಗೆ ಹೇಳಿಕೊಟ್ಟೋನು ನೀನು. ಮೊದಲ ಸಲಕ್ಕೇ ಗೊತ್ತಾಗಿರ್ಬೇಕು ಅದು ಸುಳ್ಳು ಟೇಪು ಅಂತ. ಯಾಕೆ ಬಾಯಿ ಬಿಡಲಿಲ್ಲ?”

“ಗೊತ್ತಾಯ್ತು. ಮೊದಲ ಸಲಕ್ಕೇ.”

“ಮತ್ತೆ?”

ಅಳಿಯ ದುರ್ಬೀನು ಕೆಳಗಿಟ್ಟು ಅವನತ್ತ ತಿರುಗಿದ. ಅವನ ಮುಖದಲ್ಲಿದ್ದುದು ಭಯವಲ್ಲ, ಅಸಹ್ಯ.

“ನೀನೇ ಬಾಯಿ ಬಿಡ್ತೀಯೋ ಇಲ್ವೋ ಅಂತ ಕಾಯ್ತಿದ್ದೆ, ಕೊಕ್ಕೆ. ಕಣ್ಣೀರು ಬೇರೆ ಹಾಕಿದೆ! ಎಂಥಾ ನಟ ಕಣೋ ನೀನು! ನಿನ್ನ ದನಿಯನ್ನೇ ಮೂರು ಸಲ ಹಾಕಿಸ್ಕೊಂಡು ಕೇಳಿದೆಯಲ್ಲ!”

“ನನ್ನ ದನಿ?”

“ಮಾವನ್ನ ಏನು ಮಾಡಿದೆ? ಎಲ್ಲಿಟ್ಟಿದೀಯಾ?”

“ನಿನಗೆ ತಲೆ ಕೆಟ್ಟಿದೆ. ನನ್ನ ದನಿ ನನಗೆ ಗೊತ್ತಿರಲ್ವಾ?”

“ಯಾರಿಗೂ ಗೊತ್ತಿರಲ್ಲ. ಟೇಪಿನಲ್ಲಿ ತನ್ನ ದನಿ ಕೇಳಿ ‘ಇದು ನಾನಲ್ಲ’ ಅನ್ನದೋರು ಯಾರಿದಾರೆ?” ಅಳಿಯ ಮೇಜಿನ ಮೇಲೆ ಉಗುರಿನಿಂದ ಗೀರಿದ. “ಟಿರ್‌ರ್‌ರ್, ಮಧ್ಯೆ ಒಂದು ಖಾಲಿ, ಆಮೇಲೆ ಮತ್ತೆ ಟಿರ್‌ರ್‌ರ್. ಅಜ್ಜಿಗೆ ಹಲ್ಲೇ ಕಾಣಲ್ಲ. ಹಾಗಾದ್ರೆ ಉದುರಿದ್ದು ಯಾರ ಹಲ್ಲಪ್ಪಾ?”

ಕೊಕ್ಕೆ ಮೇಜಿನ ಮೇಲಿನ ಗೀರನ್ನು ನೋಡಿದ.

ಹಸಿರು ಬಾಚಣಿಗೆ.

ನೆನಪು ಅಲೆಯಂತೆ ಬರಲಿಲ್ಲ, ಒಂದು ಬಕೆಟ್ ನೀರಿನಂತೆ ತಲೆಯ ಮೇಲೆ ಸುರಿಯಿತು. ಅವನು ಈ ದ್ವೀಪ ಬಿಡುವ ಹಿಂದಿನ ಸಂಜೆ, ಹಿತ್ತಲಲ್ಲಿ ಆಡಿದ ನಾಟಕ: ‘ಮೇಷ್ಟ್ರೂ ಅಜ್ಜಿಯೂ’. ಮಗುಚಿದ ಪೆಟ್ಟಿಗೆಯೇ ದೋಣಿ. ಪೊರಕೆಕಡ್ಡಿಯ ಮೀಸೆ ಅಂಟಿಸಿಕೊಂಡ ಕೊಕ್ಕೆಯೇ ಮೇಷ್ಟ್ರು. ಬಾಚಣಿಗೆಯ ಮೇಲೆ ಉಗುರು ಎಳೆದು ಅಜ್ಜಿಯನ್ನು ಮಾತಾಡಿಸಿದವಳು ಚುಕ್ಕಿ. ಕೊನೆಗೆ ಮೇಷ್ಟ್ರು ನೀರಿಗೆ ಬೀಳುವ ದೃಶ್ಯಕ್ಕೆ ಬಕೆಟ್ ಎತ್ತಿ ಸುರಿದವನು ಇದೇ ಅಳಿಯ, ಅದರಲ್ಲಿ ಅರ್ಧ ಬೇಕೆಂದೇ ಕೊಕ್ಕೆಯ ತಲೆಯ ಮೇಲೆ. ಮುಂದಿನ ಸಾಲಿನಲ್ಲಿ ನಿಜವಾದ ಮೇಷ್ಟ್ರು ಟೇಪ್ ರೆಕಾರ್ಡರನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

‘ಬಂದ್ಲು ನೋಡ್ರಪ್ಪಾ!’ ಒಬ್ಬರೇ ದೋಣಿಯಲ್ಲಿದ್ದವರು ‘ನೋಡ್ರಪ್ಪಾ’ ಎಂದು ಯಾರಿಗೆ ಹೇಳುತ್ತಾರೆ? ಎದುರಿಗೆ ಕೂತ ಜನಕ್ಕೆ ಹೇಳಿದ ಮಾತು ಅದು! ದನಿ ತನ್ನ ನೆನಪಿನಲ್ಲಿದ್ದ ಹಾಗೇ ಇದೆ ಎಂದು ಹಿಗ್ಗಿದ್ದನಲ್ಲ, ಇರದೆ ಏನು? ಅದು ಬಂದದ್ದೇ ಅವನ ನೆನಪಿನಿಂದ, ಅವನ ಗಂಟಲಿನಿಂದ.

“ನಾನಲ್ಲ ಕಣೋ,” ಎಂದ. “ನಾನೇ, ಆದ್ರೆ ನಾನಲ್ಲ. ಆ ಕ್ಯಾಸೆಟ್ ನನ್ನ ಹತ್ರ ಯಾವತ್ತೂ ಇರಲಿಲ್ಲ. ಮೇಷ್ಟ್ರ ಹತ್ರಾನೇ ಇತ್ತು.”

“ಅದನ್ನ ಪೊಲೀಸರಿಗೆ ಹೇಳು.”

“ನೋಡು, ನನ್ನ ಬೈಯೋದನ್ನ ಆಮೇಲೆ ಇಟ್ಕೋ. ನಾಟಕ ಅಲ್ಲಿಗೇ ಮುಗೀತಾ? ನೀರು ಬಿದ್ದ ಮೇಲೆ ಏನಾಯ್ತು?”

ಅಳಿಯ ಹುಬ್ಬು ಗಂಟಿಕ್ಕಿದ. ಅವನ ಮುಖ ಒಂದು ಕ್ಷಣ ತನಗೇ ಗೊತ್ತಿಲ್ಲದಂತೆ ಹಳೇ ಗೆಳೆಯನದಾಯಿತು. “ಎಲ್ಲರೂ ನಕ್ಕೆವು. ಮಾವ ನಕ್ಕು ಕೆಮ್ಮಿ, ‘ಮಿಮಿಕ್ರಿಗೆ ನೂರು, ವಿಜ್ಞಾನಕ್ಕೆ ಸೊನ್ನೆ! ಮೇಲೆ ಬಂದ ಅಜ್ಜಿ ಮಾತಾಡ್ತಾಳೇನೋ ಮುಠ್ಠಾಳ?’ ಅಂದ್ರು. ಟೇಪು ಅದನ್ನೂ ಹಿಡ್ಕೊಂಡಿತ್ತು. ಎಷ್ಟು ಸಲ ಹಾಕ್ಕೊಂಡು ಕೇಳ್ತಿದ್ರು!”

“ಈಗ ಆ ನಗು ಎಲ್ಲಿ?”

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

ಕೆಳಗೆ ಬಂದರಿನ ಸೀಟಿ ಊದಿತು. ಸಮುದ್ರ ತಾಮ್ರದ ಬಣ್ಣಕ್ಕೆ ತಿರುಗಿತ್ತು. ಮೊದಲ ದೋಣಿ ಆಗಲೇ ದಡದ ಕಡೆ ಮುಖ ಮಾಡಿತ್ತು.

ಕೊಕ್ಕೆ ಮೆಟ್ಟಿಲನ್ನು ಹಾರಿಕೊಂಡೇ ಇಳಿದ. ಮುಂಗೋಣೆಯಲ್ಲಿ ಅಧಿಕಾರಿ ಪೆನ್ನಿನ ಮುಚ್ಚಳ ತೆಗೆಯುತ್ತಿದ್ದರು. ಪಕ್ಕದಲ್ಲಿ ಚುಕ್ಕಿ ಚಹಾದ ತಟ್ಟೆ ಹಿಡಿದು ನಿಂತಿದ್ದಳು.

ಈಗ ಬಾಯಿ ಬಿಟ್ಟರೆ ಮೊದಲು ಸಿಕ್ಕಿಬೀಳುವವನು ತಾನೇ. ಬಿಡದಿದ್ದರೆ ಮೇಷ್ಟ್ರು ಬದುಕಿದ್ದೂ ಸತ್ತಂತೆ.

“ಸಹಿ ಹಾಕ್ಬೇಡಿ ಸಾರ್! ದೋಣಿಗಳನ್ನ ವಾಪಸ್ ಕಳಿಸಿ. ಉತ್ತರಕ್ಕೆ, ಪೂರ್ವಕ್ಕೆ, ದಕ್ಷಿಣ ಒಂದು ಬಿಟ್ಟು ಎಲ್ಲ ಕಡೆಗೆ! ಆ ಟೇಪಿನಲ್ಲಿರೋದು ಮೇಷ್ಟ್ರ ದನಿ ಅಲ್ಲ. ನನ್ನದು.”

ಚಹಾದ ಬಟ್ಟಲು ಒಂದಕ್ಕೊಂದು ತಾಗಿ ಸದ್ದಾಯಿತು.

“ವಿಷಯ ಏನಪ್ಪಾ...” ಎಂದರು ಅಧಿಕಾರಿ. ಜನ್ಮದಲ್ಲಿ ಮೊದಲ ಸಲ ‘ಅಂದ್ರೆ’ ಎಂಬುದು ಬಾಯಿಗೆ ಬರಲಿಲ್ಲ.

“ಹಳೇ ನಾಟಕದ ಟೇಪು ಸಾರ್. ಇವನಿಗೆ ಗೊತ್ತು, ಕೇಳಿ. ಮೇಷ್ಟ್ರು ಅಲ್ಲಿ ಮುಳುಗಿಲ್ಲ. ಮುಳುಗಿದಾರೆ ಅಂತ ನಾವು ನಂಬಲಿ ಅಂತ ಯಾರೋ ಇಟ್ಟಿದಾರೆ. ನನಗೇನೋ ಅವರು ಬದುಕಿದಾರೆ ಅನ್ನಿಸುತ್ತೆ!”

ಅಳಿಯ ಬಾಗಿಲಲ್ಲಿ ನಿಂತು ಹೌದೆಂದು ನಿಧಾನವಾಗಿ ತಲೆಯಾಡಿಸಿದ. ಅಧಿಕಾರಿ ಕಿಟಕಿಯಿಂದ ಬಗ್ಗಿ, ದೋಣಿಗಳನ್ನು ನಿಲ್ಲಿಸುವಂತೆ ಕೂಗಿದರು.

ಕೊಕ್ಕೆ ಟೇಪ್ ರೆಕಾರ್ಡರಿನ ಮುಂದೆ ಕೂತು ಗುಂಡಿ ಒತ್ತಿದ. ಬಂದ್ಲು ನೋಡ್ರಪ್ಪಾ, ಟಿರ್‌ರ್‌ರ್, ಅಯ್ಯಯ್ಯೋ, ಧಬಾರ್. ಎಲ್ಲರೂ ಇಲ್ಲಿಗೇ ನಿಲ್ಲಿಸುತ್ತಿದ್ದರು. ಸತ್ತವರ ಹಿಂದಿನ ಮೌನವನ್ನು ಕೂತು ಕೇಳುವ ಗಟ್ಟಿ ಗುಂಡಿಗೆ ಯಾರಿಗಿದೆ? ಆದರೆ ಇಲ್ಲಿ ನಗು ಇರಬೇಕಿತ್ತು. ಯಾರೋ ಆ ನಗುವನ್ನು ಅಳಿಸಿದ್ದಾರೆ. ಅಳಿಸಿದವರು ಬರಿದೇ ಅಳಿಸಿರುತ್ತಾರೆಯೇ?

ಸುಸ್ಸ್... ಸುಸ್ಸ್...

ಚಹಾ ಆರಿತು. ಯಾರೂ ಮುಟ್ಟಲಿಲ್ಲ.

ಆಗ ಟೇಪು ಕೆಮ್ಮಿತು.

ಒಡೆದ, ಸವೆದ, ಹಲ್ಲಿನ ಸಂದಿಯಿಂದ ಗಾಳಿ ಸೋರುವ ಮುದಿ ದನಿ. ಕೊಕ್ಕೆ ಎಂದೂ ಅನುಕರಿಸದ ದನಿ, ಯಾಕೆಂದರೆ ಮೇಷ್ಟ್ರು ಮುದುಕರಾಗುವ ಹೊತ್ತಿಗೆ ಅವನು ಇಲ್ಲಿ ಇರಲಿಲ್ಲ.

“ಕೊಕ್ಕೆ... ನಗು ಹುಡುಕ್ಕೊಂಡು ಇಲ್ಲೀವರೆಗೂ ಬಂದ್ಯಾ? ಬರ್ತೀಯ ಅಂತ ಗೊತ್ತಿತ್ತು. ವಿಜ್ಞಾನಕ್ಕೂ ನೂರು ಕೊಟ್ಟೆ, ತಗೋ.”

ಅವನ ಕಣ್ಣು ಮಂಜಾಯಿತು. ಬದುಕಿದ್ದಾರೆ! ತಾನೇ ನೀರುಪಾಲಾಗಿ, ತಾನೇ ಶಿಷ್ಯನ ಬರವಿಗೆ ಗಾಳ ಹಾಕಿ ಕೂತ ಮುದುಕ!

“ಈಗ ಹಳೇ ಪ್ರಶ್ನೆ. ಅಜ್ಜಿ ಮೇಲೆ ಬಂದಾಗ ಯಾಕೆ ಮಾತಾಡಲ್ಲ? ಹ್ಞಾಂ... ಮೇಲೆ ಬೇಟೆಗಾರರು ಕಿವಿಗೊಟ್ಟು ಕಾಯ್ತಿರ್ತಾರೆ. ನಾನು ಬದುಕಿದೀನಿ ಅಂತ ನಿನಗೆ ಗೊತ್ತಾದ್ರೂ ಆ ಮನೇಲಿ ಬಾಯಿ ಬಿಡಬೇಡ. ಯಾರ ಮುಂದೆ ಬೇಕಾದ್ರೂ ಬಿಡು, ಒಬ್ಬರ ಮುಂದೆ ಮಾತ್ರ ಬಿಡ್ಬೇಡ. ನೀನು ನಂಬಲ್ಲ, ಆದ್ರೂ ಹೇಳ್ತೀನಿ. ಅದು...”

ಕಟಕ್.

ಟೇಪು ನಿಂತಿತು.

ಕೊಕ್ಕೆ ಸಿಡಿದೆದ್ದು ಬಾಗಿಲಿನತ್ತ ನೋಡಿದ. ಅಳಿಯ ನಿಂತಲ್ಲೇ ನಿಂತಿದ್ದ, ಎರಡೂ ಕೈ ಕಟ್ಟಿಕೊಂಡು. ಅಧಿಕಾರಿ ಕಿಟಕಿಯ ಬಳಿ ಇದ್ದರು.

ಗುಂಡಿಯ ಮೇಲಿದ್ದ ಬೆರಳು ಒದ್ದೆಯಾಗಿತ್ತು. ತೊಳೆದ ಕೂದಲಿನಿಂದ ಒಂದು ಹನಿ ಜಾರಿ ಅದರ ಮೇಲೆ ಬಿತ್ತು.

“ಸಾಕು ಕಣೋ ಕೊಕ್ಕೆ,” ಎಂದಳು ಚುಕ್ಕಿ. “ಅಪ್ಪ ಬದುಕಿದಾನೋ ಇಲ್ವೋ ತಿಳಿಯೋಕೇ ನಿನ್ನ ಕರೆಸಿದ್ದು.”